ಗೂಢಚಾರಿಣಿಯ ಕೂಲಿ

ದುಡಿಯುವವರ ಪತ್ರಿಕೆಯಲ್ಲಿ ನೀಲಿಚಿತ್ರದ ಮಾತೇ ಎಂದು ಹುಬ್ಬೇರಿಸುವ ಓದುಗರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಯಾರಿಗೂ ಹೊಸ ಚಟ ಕಲಿಸಲು ನಾವು ಹೊರಟಿಲ್ಲ. ನೀತಿಬೋಧೆಯ ಹುಮ್ಮಸ್ಸೂ ನಮಗಿಲ್ಲ. ಯಾವ ಸರಕು ಕಾರ್ಮಿಕನ ಬಿಡುವಿನ ಹೊತ್ತನ್ನೂ ಕಿಸೆಯ ಕಾಸನ್ನೂ ತಿನ್ನುತ್ತದೆಯೋ, ಯಾವ ಸರಕನ್ನು ತಯಾರಿಸುವಲ್ಲಿ ಇನ್ನೊಬ್ಬ ಕಾರ್ಮಿಕನ ಮೈ ಸವೆಯುತ್ತದೆಯೋ, ಅದರ ಲೆಕ್ಕ ಕೇಳುವುದು ನಮ್ಮ ಕೆಲಸ. ಅಕ್ಕಿಯ ಲೆಕ್ಕ ಕೇಳುತ್ತೇವೆ, ನೂಲಿನ ಲೆಕ್ಕ ಕೇಳುತ್ತೇವೆ. ಸಿನಿಮಾದ ಲೆಕ್ಕವನ್ನು ಯಾಕೆ ಕೇಳಬಾರದು?

ಮೊನ್ನೆ ಮಲ್ಲಾಪುರದ ಒಂದು ಚಾ ಅಂಗಡಿಯಲ್ಲಿ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆವು. ಕೈಗಾ ಸ್ಥಾವರದ ಸಿಬ್ಬಂದಿಯ ವಸತಿ ಇರುವ ಊರು ಅದು. ಗುತ್ತಿಗೆದಾರನ ಕೈಕೆಳಗೆ ದುಡಿಯುವ ಹುಡುಗನೊಬ್ಬ ಪಕ್ಕದ ಬೆಂಚಿನಲ್ಲಿ ಫೋನು ನೋಡುತ್ತ ಒಬ್ಬನೇ ನಗುತ್ತಿದ್ದ.

"ಎಂತ ತಮ್ಮಾ, ಅಷ್ಟು ನಗೆ?" ಎಂದೆವು.

"ಎಂತ ಇಲ್ಲ ಅಣ್ಣಾ, ಜೇಮ್ಸ್ ಬಾಂಡ್."

ಇಣುಕಿದರೆ ಆ ಬಾಂಡನ ಕೈಯಲ್ಲಿ ಪಿಸ್ತೂಲಿತ್ತು, ಮೈಮೇಲೆ ಕೋಟಿರಲಿಲ್ಲ. ಹುಡುಗ ನಾಚಿ ಫೋನನ್ನು ಬೆಂಚಿನ ಮೇಲೆ ಬೋರಲು ಹಾಕಿದ. "ಹೊತ್ತು ಹೋಗಬೇಕಲ್ಲ ಅಣ್ಣಾ, ರೂಮಿನಲ್ಲಿ ಎಂಟು ಜನ, ಊರಿಗೆ ಹೋಗಿ ನಾಲ್ಕು ತಿಂಗಳಾಯ್ತು" ಎಂದ. ನಮಗೂ ನಗೆ ಬಂತು. ಆದರೆ ಬಸ್ಸು ಹತ್ತಿದ ಮೇಲೆ ಆ ನಗೆ ಉಳಿಯಲಿಲ್ಲ. ಯಾಕೆಂಬುದನ್ನೇ ಈ ವಾರ ಬರೆಯುತ್ತಿದ್ದೇವೆ.

ಗೂಢಚಾರನ ಕಥೆಯನ್ನು ಅಣಕಿಸಿ ನೀಲಿಚಿತ್ರ ಮಾಡುವ ಕಸುಬು ಇಂದಿನದಲ್ಲ. ಇಯಾನ್ ಫ್ಲೆಮಿಂಗ್ ಎಂಬ ಇಂಗ್ಲಿಷ್ ಲೇಖಕ 1953ರಲ್ಲಿ ಜೇಮ್ಸ್ ಬಾಂಡನ ಮೊದಲ ಕಾದಂಬರಿ ಪ್ರಕಟಿಸಿದ. 1962ರಲ್ಲಿ 'ಡಾಕ್ಟರ್ ನೋ' ಚಿತ್ರ ಬಂತು. ಅದಕ್ಕೆ ತಗಲಿದ ಖರ್ಚು ಸುಮಾರು ಹತ್ತು ಲಕ್ಷ ಡಾಲರು. ಗಳಿಕೆ ಅದರ ಎಷ್ಟೋ ಪಾಲು. ಒಂದು ಅಂಗಡಿಯಲ್ಲಿ ವ್ಯಾಪಾರ ಕುದುರಿತೆಂದರೆ ಪಕ್ಕದಲ್ಲಿ ಹತ್ತು ಅಂಗಡಿ ಏಳುವುದು ಸಂತೆಯ ನಿಯಮ. ಬಾಂಡನ ಹೆಸರಿನ ಜಾಹೀರಾತು ಪುಕ್ಕಟೆ ಸಿಕ್ಕುವಾಗ ನೀಲಿಚಿತ್ರದ ವ್ಯಾಪಾರಿ ಸುಮ್ಮನಿರುತ್ತಾನೆಯೆ? ಗೂಢಚಾರನ ಕಥೆಗೆ ಬೇಕಾದ ಸಾಮಾನಾದರೂ ಎಷ್ಟು? ಒಂದು ಕಪ್ಪು ಕನ್ನಡಕ, ಒಂದು ಆಟದ ಪಿಸ್ತೂಲು, ಒಂದು ಟೆಲಿಫೋನು, ಮುಚ್ಚುವ ಬಾಗಿಲುಳ್ಳ ನಾಲ್ಕು ಕೋಣೆ. ನಾಯಕ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಯಾಕೆ ಹೋದನೆಂದು ಯಾರೂ ಕೇಳುವುದಿಲ್ಲ, "ರಹಸ್ಯ ಕಾರ್ಯಾಚರಣೆ" ಎಂದರೆ ಮುಗಿಯಿತು. ಕಥೆ ಅಸಂಬದ್ಧವಾದರೆ "ಅಣಕ ಅಲ್ಲವೆ" ಎಂದು ಜಾರಿಕೊಳ್ಳಬಹುದು.

ಡೆನ್ಮಾರ್ಕ್ ದೇಶ 1969ರಲ್ಲಿ ಇಂಥ ಚಿತ್ರಗಳ ಮೇಲಿನ ನಿಷೇಧವನ್ನೇ ತೆಗೆದುಹಾಕಿತು. ಅಲ್ಲಿಯ ಒಬ್ಬ ನಿರ್ದೇಶಕ ವೆರ್ನರ್ ಹೆಡ್ಮನ್ ರಾಶಿಗಳ ಹೆಸರಿಟ್ಟು ಸಾಲಾಗಿ ಚಿತ್ರ ತೆಗೆದ. ಅವುಗಳಲ್ಲಿ 1977ರ ವೃಶ್ಚಿಕ ರಾಶಿಯ ಚಿತ್ರಕ್ಕೂ 1978ರ ಧನು ರಾಶಿಯ ಚಿತ್ರಕ್ಕೂ ನಾಯಕ 'ಏಜೆಂಟ್ 69 ಯೆನ್ಸೆನ್' ಎಂಬ ಪೆದ್ದ ಗೂಢಚಾರ. ನಮ್ಮಲ್ಲಿ ಪಂಚಾಂಗ ನೋಡಿ ಮದುವೆ ಇಡುತ್ತಾರೆ, ಅವರು ರಾಶಿ ನೋಡಿ ನೀಲಿಚಿತ್ರ ತೆಗೆದರು! ನಡುನಡುವೆ ಬೆತ್ತಲೆ, ಉಳಿದದ್ದು ಹಳ್ಳಿಯ ಹಗರಣದಂಥ ಹಾಸ್ಯ.

ಆದರೆ ನಾವು ಓದುಗರ ಮುಂದಿಡಬೇಕೆಂದಿರುವ ಚಿತ್ರ ಬೇರೆ. 1974ರಲ್ಲಿ ಅಮೆರಿಕದಲ್ಲಿ ಬಂದ 'ಡಬಲ್ ಏಜೆಂಟ್ 73'. ಅದನ್ನು ಪೂರ್ತಿ ನೀಲಿಚಿತ್ರವೆನ್ನಲೂ ಆಗದು, ಮರ್ಯಾದಸ್ಥ ಚಿತ್ರವೆನ್ನಲೂ ಆಗದು. ಎರಡರ ನಡುವಿನ ಓಣಿಯಲ್ಲಿ ಓಡಾಡುತ್ತಿದ್ದ ಅಗ್ಗದ ಸರಕು. ತೆಗೆದವಳು ಡೋರಿಸ್ ವಿಶ್ಮನ್ ಎಂಬ ಹೆಂಗಸು, ಗಂಡ ತೀರಿಹೋದ ಮೇಲೆ ಚಿತ್ರೋದ್ಯಮಕ್ಕೆ ಇಳಿದವಳು. ಸ್ಟುಡಿಯೋ ಬಾಡಿಗೆಗೆ ದುಡ್ಡಿಲ್ಲ, ವಾಸದ ಮನೆಯ ಕೋಣೆಗಳೇ ಸೆಟ್ಟು. ಚಿತ್ರ ತೆಗೆಯುವಾಗಲೇ ಧ್ವನಿ ಹಿಡಿಯುವ ವೆಚ್ಚ ತಾಳದೆ ಮಾತನ್ನೆಲ್ಲ ಆಮೇಲೆ ಕೂಡಿಸುತ್ತಿದ್ದಳು. ತುಟಿಗೂ ಮಾತಿಗೂ ಹೊಂದದಿದ್ದರೆ ಕಾಣಬಾರದೆಂದು ಒಬ್ಬರು ಮಾತಾಡುವಾಗ ಕ್ಯಾಮೆರಾವನ್ನು ಕೇಳುವವರ ಮುಖಕ್ಕೋ, ಚಪ್ಪಲಿಗೋ, ಮೇಜಿನ ಮೇಲಿನ ಬೂದಿಬಟ್ಟಲಿಗೋ ತಿರುಗಿಸುತ್ತಿದ್ದಳು. ಪಂಡಿತರು ಇಂದು ಅದನ್ನೊಂದು ಶೈಲಿಯೆಂದು ಕೊಂಡಾಡುತ್ತಾರೆ. ಬಡತನ ಕಲಿಸಿದ ಉಪಾಯ ಅದು.

ಕಥೆಯೇನು? ಹೆರಾಯಿನ್ ಮಾರುವ ಕೂಟವನ್ನು ಬಯಲಿಗೆಳೆಯಲು ಒಬ್ಬ ಗೂಢಚಾರಿಣಿಯನ್ನು ಕಳಿಸುತ್ತಾರೆ. ಅವಳ ಮೇಲಧಿಕಾರಿಗಳು ಅವಳ ಎಡ ಎದೆಯೊಳಗೆ ಶಸ್ತ್ರಕ್ರಿಯೆ ಮಾಡಿ ಕ್ಯಾಮೆರಾ ಹುದುಗಿಸುತ್ತಾರೆ. ಕೊಂದವರ ಚಿತ್ರವನ್ನು ಅದರಿಂದಲೇ ತೆಗೆಯಬೇಕು. ಸಾಲದ್ದಕ್ಕೆ ಅದರಲ್ಲೊಂದು ಸಿಡಿಮದ್ದು. ಹೇಳಿದ ಅವಧಿಯೊಳಗೆ ಕೆಲಸ ಮುಗಿಸಿ ಬರದಿದ್ದರೆ ಅವಳೇ ಸಿಡಿದುಹೋಗಬೇಕು. 73 ಎಂಬುದು ಅವಳ ಸಂಕೇತದ ಸಂಖ್ಯೆಯೂ ಹೌದು, ಎದೆಯ ಸುತ್ತಳತೆ ಇಷ್ಟು ಇಂಚೆಂದು ಸಾರುವ ಜಾಹೀರಾತೂ ಹೌದು.

ಪ್ರೇಕ್ಷಕ ನಕ್ಕ. ನಾವೂ ನಗಬಹುದು. ಆದರೆ ಆ ಪಾತ್ರ ಮಾಡಿದಾಕೆ ಯಾರು? ಪರದೆಯ ಮೇಲೆ ಚೆಸ್ಟಿ ಮಾರ್ಗನ್ ಎಂದು ಹೆಸರಿಟ್ಟರು. ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಹುಟ್ಟಿದವಳು. ಹಿಟ್ಲರನ ಹತ್ಯಾಕಾಂಡದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಇಸ್ರೇಲಿನಲ್ಲಿ ಬೆಳೆದು, ಮದುವೆಯಾಗಿ ಅಮೆರಿಕ ಸೇರಿದಳು. 1965ರಲ್ಲಿ ಬ್ರೂಕ್ಲಿನ್‌ನಲ್ಲಿ ನಡೆದ ದರೋಡೆಯೊಂದರಲ್ಲಿ ಗಂಡ ಕೊಲೆಯಾದ. ಕೈಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಆ ಮೇಲೆ ನೃತ್ಯಗೃಹಗಳ ವೇದಿಕೆ, ಅಲ್ಲಿಂದ ಈ ಚಿತ್ರಗಳು. ಅವಳ ಉಚ್ಚಾರಣೆ ವಿದೇಶಿಯದೆಂದು ಅವಳ ಮಾತನ್ನೂ ಬೇರೆಯವಳಿಂದ ಆಡಿಸಿದರು. ಮೈ ಬೇಕು, ದನಿ ಬೇಡ!

ಈಗ ಕಥೆಯನ್ನು ಇನ್ನೊಮ್ಮೆ ನೋಡಿ. ಕೆಲಸಕ್ಕೆ ಬೇಕಾದ ಯಂತ್ರವನ್ನು ಧಣಿ ಕೆಲಸಗಾರ್ತಿಯ ಮೈಯೊಳಗೇ ಹೊಲಿದುಬಿಟ್ಟಿದ್ದಾನೆ. ಗಡುವು ಅವನದು, ಸಿಡಿಮದ್ದಿನ ಗುಂಡಿ ಅವನದು, ಚಿತ್ರ ತೊಳೆದು ನೋಡುವ ಹಕ್ಕೂ ಅವನದು. ಅವಳದ್ದೇನು? ಅಪಾಯ ಮಾತ್ರ. ಮಿಲ್ಲಿನಲ್ಲಿ ದುಡಿದ ನಮ್ಮ ಓದುಗನಿಗೆ ಇದು ಅಣಕವಾಗಿ ಕಂಡೀತೆ? ಹತ್ತಿಯ ಧೂಳನ್ನು ಶ್ವಾಸಕೋಶದಲ್ಲಿ ಹೊತ್ತು ಮನೆಗೆ ಹೋದವನಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ತಿಳಿದೋ ತಿಳಿಯದೆಯೋ ಆ ಬಡ ಚಿತ್ರ ಒಂದು ನಿಜ ಹೇಳಿಬಿಟ್ಟಿತು: ಗೂಢಚಾರಿಣಿಯೂ ಕೂಲಿಯವಳೇ. ಬಾಂಡನ ಕೋಟ್ಯಂತರ ಡಾಲರಿನ ಚಿತ್ರಗಳು ಮುಚ್ಚಿಟ್ಟದ್ದು ಇದನ್ನೇ. ಅಲ್ಲಿ ಗೂಢಚಾರ ಒಳ್ಳೇ ಮದ್ಯ ಕುಡಿಯುತ್ತಾನೆ, ಜೂಜಾಡುತ್ತಾನೆ, ಅವನ ಸಂಬಳದ ಚೀಟಿ ಯಾರಿಗೂ ಕಾಣುವುದಿಲ್ಲ.

ನಮ್ಮ ನಾಡಿಗೆ ಬರೋಣ. ಕನ್ನಡದಲ್ಲಿ ಗೂಢಚಾರನನ್ನು ಪರದೆಗೆ ತಂದವರು ದೊರೈ-ಭಗವಾನ್ ಜೋಡಿ. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಬಹಳ ತಡವಾಗಿ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕರಲ್ಲೂ ರಾಜಕುಮಾರರೇ 999. ಇವು ನೀಲಿಚಿತ್ರಗಳಲ್ಲ, ಮನೆಮಂದಿಯೆಲ್ಲ ಕೂತು ನೋಡಿದ ಚಿತ್ರಗಳು. ಆದರೆ ಬಾಂಡನ ಚಿತ್ರಕ್ಕೆ ಸುರಿದ ಹಣದ ಒಂದು ಚೂರಿನಲ್ಲಿ, ಮೊದಲ ಮೂರು ಕಪ್ಪು ಬಿಳುಪಿನಲ್ಲೇ, ಅವರು ಸಾಹಸ ಮಾಡಿದರು. ಕಾರವಾರದವರಿಗೆ ಎರಡನೆಯ ಚಿತ್ರದ ಮೇಲೆ ವಿಶೇಷ ಮಮತೆ ಇರಬೇಕು. ಗೋವಾ ಪೋರ್ತುಗೀಸರ ಕೈಯಿಂದ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ, ನಮ್ಮ ಕಡಲ ದಂಡೆಗೆ ಕಾಣುವ ಅಂಜದೀವದಿಂದಲೇ ಪೋರ್ತುಗೀಸರು ನಮ್ಮ ಹಡಗು ದೋಣಿಗಳ ಮೇಲೆ ಗುಂಡು ಹಾರಿಸಿದ್ದರು. ಏಳೇ ವರ್ಷದಲ್ಲಿ ಆ ಗಡಿ ಕನ್ನಡ ಗೂಢಚಾರನ ವಿಹಾರಭೂಮಿಯಾಯಿತು. ಮಾಜಾಳಿಯ ಆಚೆಗೆ ಏನೋ ರಹಸ್ಯವಿದೆ, ಮದ್ಯವಿದೆ, ಕುಣಿತವಿದೆ ಎಂಬ ಕಲ್ಪನೆ ನಮ್ಮ ಹುಡುಗರ ತಲೆಯಲ್ಲಿ ಬೇರೂರಿದ್ದಕ್ಕೆ ಇಂಥ ಚಿತ್ರಗಳೂ ಅಷ್ಟಿಷ್ಟು ಕಾರಣ. ಆ ಕುಣಿತದ ಹೆಣ್ಣಾದರೂ ಯಾರು? ಖಳನ ಕಡೆಯವಳು, ಬಲೆಯ ತುದಿಯ ಎರೆ. ಕಥೆಯಲ್ಲಿ ಅವಳಿಗೆ ಹೆಸರು ಸಹ ಬೇಕಾಗುತ್ತಿರಲಿಲ್ಲ.

ಮುಂದೆ ಊರೂರಿನ ಚಿತ್ರಮಂದಿರಗಳಲ್ಲಿ ಬೆಳಗಿನ ಆಟಗಳ ಕಾಲ ಬಂತು. ಬೇರೆ ಭಾಷೆಯಿಂದ ಡಬ್ಬಾದ ಚಿತ್ರ, ಗೋಡೆಯ ಮೇಲೆ ದೊಡ್ಡ 'ಎ', ನಡುವೆ ಸಂಬಂಧವಿಲ್ಲದ ಎರಡು ನಿಮಿಷದ ತುಂಡು. 'ಬಿಟ್ಟು' ಎಂದರೆ ಆ ಕಾಲದವರಿಗೆ ವಿವರಿಸಬೇಕಾಗಿಲ್ಲ. ಸೆನ್ಸಾರಾದ ಚಿತ್ರಕ್ಕೆ ಆಮೇಲೆ ತುಂಡು ಸೇರಿಸುವುದು 1952ರ ಸಿನಿಮಾ ಕಾಯ್ದೆಯಂತೆ ಅಪರಾಧ. ಪೊಲೀಸರು ಬಂದಾಗ ಸಿಕ್ಕಿಬೀಳುತ್ತಿದ್ದವನು ಯಾರು? ರೀಲು ತಿರುಗಿಸುವ ಆಪರೇಟರು, ಟಿಕೇಟು ಹರಿಯುವ ಹುಡುಗ. ಆಮೇಲೆ ಮೊಬೈಲಿನ ಅಂಗಡಿಗಳ ಕಾಲ. ಹಾಡು ತುಂಬಿಸಿಕೊಡುವ ನೆಪದಲ್ಲಿ ಮೆಮೊರಿ ಕಾರ್ಡಿಗೆ ಇದನ್ನೂ ತುಂಬಿಸಿ ಹತ್ತಿಪ್ಪತ್ತು ರೂಪಾಯಿ ಗಳಿಸಿದ ಚಿಲ್ಲರೆ ಅಂಗಡಿಯವನ ಮೇಲೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊಕದ್ದಮೆ. ಅವನು ಮಾಡಿದ್ದು ಸರಿಯೆಂದು ನಾವು ಹೇಳುವುದಿಲ್ಲ. ಆದರೆ ಚಿತ್ರ ತೆಗೆದವನು, ಹಂಚಿದವನು, ಲಾಭ ಎಣಿಸಿದವನು ಎಂದಾದರೂ ಠಾಣೆಯ ಮೆಟ್ಟಿಲು ಹತ್ತಿದನೆ? 2015ರಲ್ಲಿ ಕೇಂದ್ರ ಸರ್ಕಾರ 857 ತಾಣಗಳನ್ನು ಮುಚ್ಚಲು ಆಜ್ಞೆ ಹೊರಡಿಸಿತು, 2018ರಲ್ಲಿ ಮತ್ತೆ 827. ಮಲ್ಲಾಪುರದ ಬೆಂಚಿನ ಮೇಲೆ ಬಾಂಡ್ ಇನ್ನೂ ನಗಿಸುತ್ತಲೇ ಇದ್ದಾನೆ.

ಇಷ್ಟೇ ಆಗಿದ್ದರೆ ನಾವು ಲೇಖನಿ ಕೆಳಗಿಡುತ್ತಿದ್ದೆವು. ಆದರೆ ಈ ಅಣಕದ ಕಥೆ ನಮ್ಮ ಜಿಲ್ಲೆಯಲ್ಲೇ ನಿಜವಾಗಿ ಎದುರು ನಿಂತಿದೆ.

ಕಾರವಾರ ಮತ್ತು ಅಂಕೋಲೆಯ ದಂಡೆಯಲ್ಲಿ ಸೀಬರ್ಡ್ ನೌಕಾನೆಲೆ ಇದೆ. 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐ.ಎನ್.ಎಸ್. ಕದಂಬ ಕೆಲಸ ಆರಂಭಿಸಿತು. ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಆ ಊರುಗಳ ಎಷ್ಟೋ ಮಕ್ಕಳು ಈಗ ಅದೇ ಬೇಲಿಯೊಳಗೆ ಗುತ್ತಿಗೆಯ ಕೂಲಿ. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳದವರು ನಮ್ಮ ಜಿಲ್ಲೆಯ ಇಬ್ಬರು ಯುವಕರನ್ನು ಬಂಧಿಸಿದರು. ನೆಲೆಯ ಮಾಹಿತಿಯನ್ನು ಪಾಕಿಸ್ತಾನದ ಬೇಹಿನವರಿಗೆ ಕೊಟ್ಟರೆಂಬುದು ಆಪಾದನೆ. ಇಬ್ಬರೂ ನೆಲೆಯಲ್ಲಿ ಗುತ್ತಿಗೆಯ ಮೇಲೆ ದುಡಿದವರೆಂದೂ, ಫೇಸ್‌ಬುಕ್ಕಿನಲ್ಲಿ ನೌಕಾಪಡೆಯ ಅಧಿಕಾರಿಣಿಯೆಂದು ಹೇಳಿಕೊಂಡ ಹೆಣ್ಣಿನ ಹೆಸರು ಅವರನ್ನು ಎಳೆಯಿತೆಂದೂ, ತಿಂಗಳಿಗೆ 5,000 ರೂಪಾಯಿಯಂತೆ ಎಂಟು ತಿಂಗಳು ಹಣ ಬಂತೆಂದೂ ಪತ್ರಿಕೆಗಳು ವರದಿ ಮಾಡಿದವು. ನ್ಯಾಯಾಲಯದಲ್ಲಿ ರುಜುವಾಗುವ ತನಕ ಯಾರೂ ಅಪರಾಧಿಯಲ್ಲ. ದೇಶದ ಗುಟ್ಟು ಮಾರುವುದು ಅಕ್ಷಮ್ಯ ಎನ್ನುವುದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೆ ಲೆಕ್ಕ ನೋಡಿ. ಎಂಟು ತಿಂಗಳಿಗೆ ನಲವತ್ತು ಸಾವಿರ. ಸಾವಿರಾರು ಕೋಟಿ ಸುರಿದು ಕಟ್ಟಿದ ನೆಲೆಯ ಗುಟ್ಟಿಗೆ ಒಂದು ಹಳೇ ಸ್ಕೂಟರಿನ ಬೆಲೆ! ಸಿನಿಮಾದಲ್ಲಿ ಇಂಥ ಗುಟ್ಟಿಗೆ ವಜ್ರದ ಪೆಟ್ಟಿಗೆ ಕೈಬದಲಾಗುತ್ತದೆ. ಇಲ್ಲಿ ಮನೆ ಬಾಡಿಗೆಯಷ್ಟು ಹಣ ಸಾಕಾಯಿತೆಂದರೆ, ಶತ್ರುವಿನ ಜಾಣತನಕ್ಕಿಂತ ಹೆಚ್ಚು ನಮ್ಮ ಗುತ್ತಿಗೆ ಪದ್ಧತಿಯ ಬಗ್ಗೆ ಅದು ಹೇಳುತ್ತದೆ. ಇಂದು ಕೆಲಸವಿದೆ, ನಾಳೆ ಗುತ್ತಿಗೆದಾರ ಬದಲಾದರೆ ಇಲ್ಲ. ಹೊರಗಿನವನೆಂದು ಕಾಯಂ ನೌಕರ ಮುಖ ತಿರುಗಿಸುತ್ತಾನೆ. ಅಂಥವನಿಗೆ ಒಬ್ಬ "ಅಧಿಕಾರಿಣಿ" ದಿನವೂ "ಊಟ ಆಯಿತೆ?" ಎಂದು ಕೇಳಿದರೆ ಅವನು ಕರಗುವುದು ಬರೀ ಕಾಮದಿಂದಲೆ? ಮರ್ಯಾದೆಯ ಹಸಿವೂ ಅದರಲ್ಲಿಲ್ಲವೆ? ಪರದೆಯ ಎರೆಹೆಣ್ಣನ್ನು ನೋಡಿ ಬೆಳೆದ ತಲೆಮಾರಿಗೆ, ಫೋನಿನೊಳಗೆ ಅವಳೇ ಮಾತನಾಡಿಸಿದಾಗ ಅದು ಅಣಕವೆಂದು ಹೊಳೆಯಲಿಲ್ಲ. ಆ ಹೆಸರಿನ ಹಿಂದೆ ಹೆಣ್ಣೇ ಇದ್ದಳೋ, ಎಲ್ಲೋ ಕೋಣೆಯಲ್ಲಿ ಸಂಬಳಕ್ಕೆ ಕೂತ ಗಂಡಸಿದ್ದನೋ!

ಇನ್ನು ಕೈಗಾದ ಮಾತು. ಕಾಳಿ ನದಿಯ ದಂಡೆಯಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕಗಳಿವೆ. 700 ಮೆಗಾವ್ಯಾಟಿನ ಇನ್ನೆರಡರ ಕೆಲಸ ನಡೆದಿದೆ. ಮೊದಲನೆಯ ಘಟಕ 962 ದಿನ ಎಡೆಬಿಡದೆ ನಡೆದು 2018ರಲ್ಲಿ ಜಗತ್ತಿನ ದಾಖಲೆ ಮಾಡಿತು. ಅದನ್ನು ನಡೆಸಿದ ಕೈಗಳಿಗೆ ನಮ್ಮ ನಮಸ್ಕಾರ. ಆದರೆ ಅದೇ ಘಟಕದ ಒಳಗುಮ್ಮಟ 1994ರ ಮೇ 13ರಂದು, ಕಟ್ಟುವಾಗಲೇ, ಸುಮಾರು 130 ಟನ್ ಕಾಂಕ್ರೀಟು ಕಳಚಿ ಕೆಳಗೆ ಬಿದ್ದದ್ದನ್ನೂ, ಕಾರ್ಮಿಕರು ಗಾಯಗೊಂಡದ್ದನ್ನೂ ಮರೆಯುವಂತಿಲ್ಲ.

2009ರ ನವೆಂಬರಿನಲ್ಲಿ ನಡೆದದ್ದು ಯಾವ ಗೂಢಚಾರ ಚಿತ್ರಕ್ಕೂ ಕಡಿಮೆಯಲ್ಲ. ಕಾರ್ಮಿಕರ ಮೂತ್ರ ಪರೀಕ್ಷೆಯಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚು ಟ್ರಿಟಿಯಂ ಕಂಡಿತು. ಹುಡುಕಿದರೆ ಸುಮಾರು 55 ಮಂದಿ. ಎಲ್ಲರೂ ಕುಡಿದದ್ದು ಒಂದೇ ಕೂಲರಿನ ನೀರು. ಒಳಗಿನವರು ಯಾರೋ ಬೇಕೆಂದೇ ಅದರಲ್ಲಿ ವಿಕಿರಣಯುಕ್ತ ಭಾರಜಲ ಬೆರೆಸಿದ್ದಾರೆಂದು ಅಧಿಕಾರಿಗಳು ಹೇಳಿದರು. ಆಗಿನ ಅಣುಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರರು ಅಸಮಾಧಾನಗೊಂಡ ಯಾರೋ ಮಾಡಿದ ಕಿಡಿಗೇಡಿತನವೆಂದರು. ಮೈ ಸೇರಿದ ಟ್ರಿಟಿಯಂನ ಅರ್ಧ ಭಾಗ ಹತ್ತು ದಿನಗಳ ಸುಮಾರಿಗೆ ಮೂತ್ರದಲ್ಲಿ ಹೊರಹೋಗುತ್ತದೆ. ಆದ್ದರಿಂದ ನೀರು ಹೆಚ್ಚು ಕುಡಿಸುವುದೇ ಅದಕ್ಕೆ ಮುಖ್ಯ ಮದ್ದು. ನೀರಿನಿಂದಲೇ ವಿಷ, ನೀರೇ ಔಷಧ! ಸುದ್ದಿ ಹೊರಬಂದದ್ದು ಆದಷ್ಟೂ ತಡವಾಗಿ. ಗುಟ್ಟು ಕಾಯಲು 1923ರ ಸರ್ಕಾರಿ ರಹಸ್ಯ ಕಾಯ್ದೆಯೂ ಇತ್ತು, 1962ರ ಅಣುಶಕ್ತಿ ಕಾಯ್ದೆಯ 18ನೆಯ ಕಲಮೂ ಇತ್ತು. ಕೂಲರಿಗೆ ಮಾತ್ರ ಕಾವಲಿರಲಿಲ್ಲ.

ವಿಕಿರಣವಿರುವ ಜಾಗದಲ್ಲಿ ದುಡಿಯುವವನ ಎದೆಯ ಮೇಲೆ ಒಂದು ಪುಟ್ಟ ಬಿಲ್ಲೆ ತೂಗುತ್ತದೆ. ಅವನ ಮೈ ಎಷ್ಟು ವಿಕಿರಣ ಉಂಡಿತೆಂದು ಅದು ಬರೆದುಕೊಳ್ಳುತ್ತದೆ. ಒಂದು ವರ್ಷಕ್ಕೆ 30 ಮಿಲಿಸೀವರ್ಟ್, ಐದು ವರ್ಷಕ್ಕೆ 100, ಅದನ್ನು ದಾಟಬಾರದೆಂದು ನಿಯಮ. ನಿಯಮ ಒಳ್ಳೆಯದೇ. 1974ರ ಗೂಢಚಾರಿಣಿಯ ಎದೆಯ ಯಂತ್ರ ಧಣಿಗಾಗಿ ಇತ್ತು, ಈ ಬಿಲ್ಲೆ ಕಾರ್ಮಿಕನ ರಕ್ಷಣೆಗಾಗಿ ಇದೆ. ಆದರೆ ಅದು ನಿಜವಾಗಬೇಕಾದರೆ ಬಿಲ್ಲೆಯ ಲೆಕ್ಕ ಕಾರ್ಮಿಕನ ಕೈಗೂ ಬರಬೇಕು, ಅವನಿಗೆ ತಿಳಿಯುವ ಭಾಷೆಯಲ್ಲಿ ಬರಬೇಕು, ಗುತ್ತಿಗೆ ಮುಗಿಸಿ ಬೇರೆ ಊರಿಗೆ ಹೋದ ಮೇಲೂ ಅವನ ಹಿಂದೆ ಹೋಗಬೇಕು.

ಹಾಗಾದರೆ ನಾವು ಹೇಳುವುದೇನು? ನೀಲಿಚಿತ್ರ ನೋಡಿದ ಹುಡುಗನಿಗೆ ಛೀಮಾರಿ ಹಾಕಿ ಮನೆಗೆ ಹೋಗುವುದು ಸುಲಭ. ಊರಿನ ಮಾನವಂತರು ಅದನ್ನು ಬಹಳ ಕಾಲದಿಂದ ಮಾಡುತ್ತ ಬಂದಿದ್ದಾರೆ. ನೂರಾರು ತಾಣ ಮುಚ್ಚಿ ಪ್ರಕಟಣೆ ಕೊಡುವುದೂ ಸುಲಭ. ಪರದೆಯೊಳಗಿನವರನ್ನು ಕೂಲಿಗಾರರೆಂದು ಕಾಣುವುದು ಕಷ್ಟದ ಕೆಲಸ. ಅಮೆರಿಕದ ಲಾಸ್ ಏಂಜಲಿಸ್ ಜಿಲ್ಲೆಯ ಮತದಾರರು 2012ರಲ್ಲಿ ಇಂಥ ಚಿತ್ರಗಳ ನಟನಟಿಯರಿಗೆ ರೋಗ ತಗಲದಂತೆ ರಕ್ಷಣೆ ಕಡ್ಡಾಯ ಮಾಡಿದರು. 2016ರಲ್ಲಿ ಅದನ್ನು ಇಡೀ ಕ್ಯಾಲಿಫೋರ್ನಿಯಾಕ್ಕೆ ಹಬ್ಬಿಸಹೋದಾಗ ನಟನಟಿಯರ ಸಂಘವೇ ವಿರೋಧಿಸಿತು, ಮಸೂದೆ ಬಿದ್ದುಹೋಯಿತು. ದುಡಿಯುವವರನ್ನು ಹೊರಗಿಟ್ಟು ಅವರ ಹಿತ ಬರೆಯಹೊರಟರೆ ಎಲ್ಲಿಯೂ ಹೀಗೆಯೇ.

ಮೊದಲನೆಯದಾಗಿ, ಸೀಬರ್ಡ್ ಇರಲಿ ಕೈಗಾ ಇರಲಿ, ವರ್ಷವಿಡೀ ನಡೆಯುವ ಕೆಲಸಕ್ಕೆ ಗುತ್ತಿಗೆಯ ಕೂಲಿ ನಿಲ್ಲಲಿ. ಭದ್ರವಾದ ಸಂಬಳವುಳ್ಳವನನ್ನು ಐದು ಸಾವಿರಕ್ಕೆ ಕೊಳ್ಳುವುದು ಅಷ್ಟು ಸುಲಭವಲ್ಲ. ದೇಶದ ರಕ್ಷಣೆಗೆ ಇದಕ್ಕಿಂತ ಒಳ್ಳೆಯ ಬೇಲಿ ಇಲ್ಲ. ಎರಡನೆಯದಾಗಿ, ರಹಸ್ಯವೆಂಬ ಮಾತು ಯಂತ್ರದ ವಿನ್ಯಾಸಕ್ಕೆ ಸಲ್ಲಲಿ, ಕುಡಿಯುವ ನೀರಿಗೆ ಬೇಡ. ಕಾರ್ಮಿಕನ ಮೈಯೊಳಗೆ ಏನು ಹೋಯಿತೆಂಬುದು ಅವನಿಗೂ ಅವನ ಸಂಘಕ್ಕೂ ಅಂದೇ ತಿಳಿಯಬೇಕು. ಮೂರನೆಯದಾಗಿ, ಎಂಟು ಜನರ ಕೋಣೆಯಲ್ಲಿ ನಾಲ್ಕು ತಿಂಗಳು ಕಳೆಯುವವನಿಗೆ ವಾಚನಾಲಯ, ಆಟದ ಬಯಲು, ಊರಿಗೆ ಹೋಗಿಬರಲು ಸಂಬಳಸಹಿತ ರಜೆ ಕೊಡಿ. ಇವನ್ನು ಕೊಡದೆ ಅವನ ಫೋನಿನ ಮೇಲೆ ಕಣ್ಣಿಡುವುದಕ್ಕೆ ಯಾರಿಗೂ ಹಕ್ಕಿಲ್ಲ.

ಮಲ್ಲಾಪುರದ ಆ ತಮ್ಮನಿಗೆ ನಾವು ಬುದ್ಧಿ ಹೇಳಲಿಲ್ಲ. ಬಸ್ಸು ಬಂದಾಗ "ಆ ಬಾಂಡನ ಜೊತೆ ಇದ್ದಾಳಲ್ಲ, ಅವಳಿಗೆ ಎಷ್ಟು ಕೂಲಿ ಕೊಟ್ಟಿರಬಹುದು?" ಎಂದು ಮಾತ್ರ ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಗುತ್ತಿಗೆದಾರನೂ ಅರ್ಧ ಹಿಡಿದಿರ್ತಾನೆ ಅಣ್ಣಾ" ಎಂದ.